ಹಿಪ್ಪಲಿ, ಅರಿಸಿನ ಮತ್ತು ಕೋಶದೊಳಗಿನ ಉರಿ

— ಹಿಪ್ಪಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಅಂತ ಓದಿದೆ. ನೀನು ಅದೇ ಕೆಲಸದಲ್ಲಿ ಇರುವವಳು. ಹೌದೋ ಅಲ್ಲವೋ ಹೇಳು ಮಾರಾಯ್ತಿ, ಸುತ್ತಿ ಬಳಸಿ ಬೇಡ.

— ಗಾಜಿನ ತಟ್ಟೆಯಲ್ಲಿ ಕೊಲ್ಲುತ್ತದೆ ಚಿಕ್ಕಪ್ಪ. ಕೊಲ್ಲುವುದು ಇಡೀ ಹಿಪ್ಪಲಿಯಲ್ಲ, ಅದರೊಳಗಿನ ಒಂದು ಅಣು. ಪೈಪರ್‌ಲಾಂಗುಮಿನ್ ಅಂತ ಹೆಸರು. ಕಷಾಯ ಕುಡಿಯುವಾಗ ಗಂಟಲಿಗೆ ಖಾರ ಹತ್ತುತ್ತದಲ್ಲ, ಅದು ಪೈಪರಿನ್, ಇದು ಬೇರೆ. 1960ರ ದಶಕದಲ್ಲಿ ಕಲ್ಕತ್ತೆಯ ರಸಾಯನ ವಿಜ್ಞಾನಿಗಳು ಇದರ ರಚನೆ ಬಿಡಿಸಿದ್ದರು. ದೊಡ್ಡ ಹೆಸರು ಬಂದದ್ದು ಮಾತ್ರ 2011ರಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಮತ್ತು ಬ್ರಾಡ್ ಇನ್‌ಸ್ಟಿಟ್ಯೂಟಿನವರು ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಈ ಅಣು ಕ್ಯಾನ್ಸರ್ ಕೋಶಗಳೊಳಗೆ ಉತ್ಕರ್ಷಣದ ಒತ್ತಡ ಏರಿಸಿ ಅವನ್ನು ಸಾಯಿಸುತ್ತದೆ, ಸ್ವಸ್ಥ ಕೋಶಗಳನ್ನು ಹೆಚ್ಚುಕಡಿಮೆ ಮುಟ್ಟುವುದಿಲ್ಲ.

— ನಾನು ಓದಿದ್ದೂ ಅದನ್ನೇ.

— 2018ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡರು. ಅದು ನಿಮ್ಮ ತನಕ ಬಂದಿರಲಿಕ್ಕಿಲ್ಲ.

— ಹಿಂತೆಗೆದುಕೊಂಡರಾ? ಹಾಗಾದರೆ ಬರೆದದ್ದೆಲ್ಲ ಸುಳ್ಳು?

— ಪ್ರಕಟವಾದ ಚಿತ್ರಗಳಲ್ಲಿ ದೋಷಗಳು ಕಂಡವು. ಆಧಾರವೇ ಅಲುಗಿದ ಮೇಲೆ ಆ ಲೇಖನವನ್ನು ಯಾರೂ ಸಾಕ್ಷಿಯಾಗಿ ಮುಂದಿಡಬಾರದು. ಆದರೆ ಅಣುವಿನ ಕಥೆ ಅಷ್ಟಕ್ಕೆ ಮುಗಿಯಲಿಲ್ಲ. ಪೈಪರ್‌ಲಾಂಗುಮಿನ್ ಕೋಶದೊಳಗೆ ಹೊಕ್ಕು ಅಲ್ಲಿನ ರಕ್ಷಕ ಅಣು ಗ್ಲುಟಥಯೋನಿಗೆ ಅಂಟಿಕೊಳ್ಳುತ್ತದೆ, ಉತ್ಕರ್ಷಕಗಳ ಮಟ್ಟ ಏರುತ್ತದೆ ಎಂಬುದನ್ನು ಬೇರೆ ಪ್ರಯೋಗಗಳೂ ತೋರಿಸಿವೆ. ಅಣುವಿನ ಯಾವ ಬಂಧವನ್ನು ತೆಗೆದರೆ ವಿಷದ ಗುಣ ಹೋಗುತ್ತದೆ ಎಂಬುದನ್ನೂ ಕಂಡುಕೊಂಡಿದ್ದಾರೆ. ನಾನು ಕಳಚಿ ಬದಿಗಿಡುವುದು ‘ಸ್ವಸ್ಥ ಕೋಶಕ್ಕೆ ಏನೂ ಆಗುವುದಿಲ್ಲ’ ಎಂಬ ಭರವಸೆಯನ್ನು. ಜನ ಹಂಚಿಕೊಂಡು ಓಡಾಡುವುದು ಆ ಭರವಸೆಯನ್ನೇ.

— ನಾನು ಹೈಸ್ಕೂಲಿನಲ್ಲಿ ತುಕ್ಕು ಹಿಡಿದ ಮೊಳೆ ತೋರಿಸಿ ಉತ್ಕರ್ಷಣ ಕಲಿಸಿದವ. ಕೋಶದೊಳಗೆ ಅದು ಹೇಗೆ ನಡೆಯುತ್ತದೆ, ಅದನ್ನು ಮೊದಲು ಹೇಳು.

— ನಾವು ಉಸಿರಾಡುವ ಆಮ್ಲಜನಕದ ಬಹುಪಾಲು ಮೈಟೊಕಾಂಡ್ರಿಯದಲ್ಲಿ ಎಲೆಕ್ಟ್ರಾನುಗಳನ್ನು ಪಡೆದು ನೀರಾಗುತ್ತದೆ. ಒಂದಿಷ್ಟು ಎಲೆಕ್ಟ್ರಾನುಗಳು ದಾರಿಯಲ್ಲೇ ಸೋರಿ ಆಮ್ಲಜನಕಕ್ಕೆ ಸೇರುತ್ತವೆ. ಆಗ ಹುಟ್ಟುವುದು ಸೂಪರ್‌ಆಕ್ಸೈಡ್. ಅದನ್ನು ಒಂದು ಕಿಣ್ವ ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸುತ್ತದೆ. ಆ ಕಿಣ್ವವನ್ನು ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ್ದು 1969ರಲ್ಲಿ. ಪೆರಾಕ್ಸೈಡ್ ಕಡಿಮೆ ಇದ್ದಾಗ ಕೋಶಕ್ಕೆ ಅದು ಸಂದೇಶ: ಬೆಳೆ, ಒಡೆದು ಎರಡಾಗು ಎಂದು. ಹೆಚ್ಚಾಗಿ, ಹತ್ತಿರದಲ್ಲಿ ಬಿಡಿ ಕಬ್ಬಿಣವೂ ಇದ್ದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. 1894ರಲ್ಲಿ ಫೆಂಟನ್ ವಿವರಿಸಿದ ಕ್ರಿಯೆ ಅದು. ಆ ರ‍್ಯಾಡಿಕಲ್ಲಿಗೆ ಆಯ್ಕೆ ಎಂಬುದಿಲ್ಲ. ಡಿಎನ್‌ಎ ಸಿಕ್ಕರೆ ಡಿಎನ್‌ಎ, ಪೊರೆಯ ಕೊಬ್ಬು ಸಿಕ್ಕರೆ ಕೊಬ್ಬು, ಹುಟ್ಟಿದ ಜಾಗದಲ್ಲೇ ಕಡಿಯುತ್ತದೆ.

— ಅದು ಎಲ್ಲ ಕೋಶಗಳಲ್ಲೂ ಇರುವುದೇ ಅಲ್ಲವಾ? ಹಾಗಿದ್ದ ಮೇಲೆ ಕ್ಯಾನ್ಸರ್ ಕೋಶವೇ ಏಕೆ ಮೊದಲು ಸಾಯಬೇಕು?

— ಅದರಲ್ಲಿ ಉರಿ ಮೊದಲೇ ಹೆಚ್ಚು. ಬಿಡುವಿಲ್ಲದೆ ಬೆಳೆಯುವ ಕೋಶ ಅದು. ಕೆಟ್ಟುಹೋದ ಜೀನುಗಳು ಅದನ್ನು ಅಟ್ಟಿಸುತ್ತಲೇ ಇರುತ್ತವೆ. ಅನೇಕ ಬಗೆಯ ಕ್ಯಾನ್ಸರ್ ಕೋಶಗಳು ತಾವಾಗಿಯೇ ಬಹಳಷ್ಟು ಹೈಡ್ರೋಜನ್ ಪೆರಾಕ್ಸೈಡ್ ಹೊರಬಿಡುತ್ತವೆ ಎಂದು 1991ರಲ್ಲೇ ತೋರಿಸಿದ್ದರು. ಅಷ್ಟು ಉರಿಯಲ್ಲಿ ಬದುಕಬೇಕಾದರೆ ರಕ್ಷಣೆಯೂ ಅಷ್ಟೇ ಇರಬೇಕು. ಹಾಗಾಗಿ ಅವು ಗ್ಲುಟಥಯೋನ್, ಥಯೊರಿಡಾಕ್ಸಿನ್ ಇಂಥವನ್ನೆಲ್ಲ ತುಂಬಿಟ್ಟುಕೊಳ್ಳುತ್ತವೆ.

— ಆಲೆಮನೆಯ ಕೊಪ್ಪರಿಗೆ ನೆನಪಾಗುತ್ತದೆ. ಹದಕ್ಕೆ ಬಂದ ಹೊತ್ತಿನಲ್ಲಿ ಬೆಂಕಿಯೂ ಜೋರು, ಉಕ್ಕನ್ನು ತಣಿಸುವವನೂ ಪಕ್ಕದಲ್ಲೇ ನಿಂತಿರಬೇಕು. ಅವನು ಒಂದು ಗಳಿಗೆ ಆಚೆ ಹೋದರೆ ಪಾಕ ಒಲೆಪಾಲು.

— ಇದೂ ಹಾಗೆಯೇ. ಸ್ವಸ್ಥ ಕೋಶದ ಕೊಪ್ಪರಿಗೆ ಅರ್ಧಕ್ಕಿದೆ, ಕೆಳಗೆ ಸಣ್ಣ ಬೆಂಕಿ. ಅಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ತಡೆದುಕೊಳ್ಳುತ್ತದೆ. ಪೈಪರ್‌ಲಾಂಗುಮಿನ್ ಬೆಂಕಿಗೆ ಸೌದೆ ಹಾಕುವುದಕ್ಕಿಂತ ಹೆಚ್ಚಾಗಿ ಉಕ್ಕು ತಣಿಸುವವನ ಕೈ ಹಿಡಿದುಬಿಡುತ್ತದೆ. ಗ್ಲುಟಥಯೋನಿನಲ್ಲಿ ಗಂಧಕವಿರುವ ಒಂದು ತುದಿ ಇದೆ. ಪೆರಾಕ್ಸೈಡನ್ನು ನೀರಾಗಿಸುವ ಕೆಲಸ ನಡೆಯುವುದು ಆ ತುದಿಯಿಂದ. ಹಿಪ್ಪಲಿಯ ಅಣು ಅಲ್ಲಿಗೇ ಅಂಟಿಕೊಂಡು ಕೂರುತ್ತದೆ. ಅಶ್ವಗಂಧದ ವಿತಫೆರಿನ್ ಕೂಡ ಗಂಧಕದ ತುದಿಗಳನ್ನೇ ಹುಡುಕಿ ಹಿಡಿಯುವಂಥದು. ಜೊತೆಗೆ ಮೈಟೊಕಾಂಡ್ರಿಯದ ಎಲೆಕ್ಟ್ರಾನ್ ಸಾಲಿನ ಮೂರನೇ ಸಂಕೀರ್ಣವನ್ನು ತಡೆದು ಸೋರಿಕೆಯನ್ನೂ ಹೆಚ್ಚಿಸುತ್ತದೆ.

— ಉಕ್ಕಿದ ಮೇಲೆ ಕೋಶ ಸಾಯುವುದು ಹೇಗೆ? ಒಡೆದು ಚೆಲ್ಲಿಹೋಗುತ್ತದಾ?

— ಎಲ್ಲಿ ಹೊಡೆತ ಬಿತ್ತು, ಎಷ್ಟು ಬಿತ್ತು ಎಂಬುದರ ಮೇಲೆ ಹೋಗುತ್ತದೆ. ಒಂದು ಹದದಲ್ಲಿ ಮೈಟೊಕಾಂಡ್ರಿಯದ ಹೊರಪೊರೆ ತೂತಾಗಿ ಸೈಟೊಕ್ರೋಮ್ ಸಿ ಎಂಬ ಪ್ರೋಟೀನು ಹೊರಗೆ ಬರುತ್ತದೆ. ಕೋಶ ಅದನ್ನು ಸಾವಿನ ಅಪ್ಪಣೆಯೆಂದು ಓದಿಕೊಳ್ಳುತ್ತದೆ. ಕ್ಯಾಸ್ಪೇಸ್ ಕಿಣ್ವಗಳು ಎದ್ದು ಒಳಗಿನದನ್ನೆಲ್ಲ ಕ್ರಮವಾಗಿ ಕತ್ತರಿಸುತ್ತವೆ. ಉಳಿದ ಚೂರುಗಳನ್ನು ಸುತ್ತಲಿನ ಕೋಶಗಳು ನುಂಗಿ ಸ್ವಚ್ಛ ಮಾಡುತ್ತವೆ. ಅಪೊಪ್ಟೋಸಿಸ್ ಎಂಬ ಈ ಬಗೆಯ ಸಾವು ನಮ್ಮ ಮೈಯಲ್ಲಿ ದಿನವೂ ನಡೆಯುತ್ತಿರುತ್ತದೆ. ಕ್ಯಾನ್ಸರ್ ಕೋಶ ಅದನ್ನು ತಪ್ಪಿಸಿಕೊಳ್ಳಲು ಕಲಿತಿರುತ್ತದೆ. ಕಬ್ಬಿಣದಿಂದ ಪೊರೆಯ ಕೊಬ್ಬು ಕೆಟ್ಟು ಸಾಯುವ ಇನ್ನೊಂದು ಬಗೆಗೆ 2012ರಲ್ಲಿ ಫೆರೊಪ್ಟೋಸಿಸ್ ಎಂದು ಹೆಸರಿಟ್ಟರು. ಅಪೊಪ್ಟೋಸಿಸ್ಸಿಗೆ ಜಗ್ಗದ ಕೆಲವು ಗಡ್ಡೆಗಳು ಇದಕ್ಕೆ ಬಲಿಯಾಗಬಹುದು. ನನಗೆ ಬಹಳ ಆಸೆ ಇರುವುದು ಇಲ್ಲಿ.

— ಕಬ್ಬಿಣ ಮತ್ತೆ ಮತ್ತೆ ಬರುತ್ತಿದೆ.

— ಬರಲೇಬೇಕು. ನಿಮಗೆ ದವನ ಗೊತ್ತಲ್ಲ? ಅದೇ ಕುಲದ ಒಂದು ಗಿಡದಿಂದ ಚೀನಾದಲ್ಲಿ ತು ಯುಯು ಅವರ ತಂಡ 1972ರಲ್ಲಿ ಆರ್ಟೆಮಿಸಿನಿನ್ ಬೇರ್ಪಡಿಸಿತು. ಮಲೇರಿಯದ ಔಷಧ, ಅದಕ್ಕೆ 2015ರ ನೊಬೆಲ್. ಆ ಅಣುವಿನೊಳಗೆ ಎರಡು ಆಮ್ಲಜನಕಗಳು ಒಂದಕ್ಕೊಂದು ಬೆಸೆದ ಒಂದು ಸೇತುವೆ ಇದೆ. ಕಬ್ಬಿಣ ತಾಗಿದ್ದೇ ಆ ಸೇತುವೆ ಮುರಿದು ರ‍್ಯಾಡಿಕಲ್‌ಗಳು ಹುಟ್ಟುತ್ತವೆ. ಮಲೇರಿಯದ ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದು ಕಬ್ಬಿಣದ ರಾಶಿಯ ಮೇಲೆ ಕೂತಿರುತ್ತದೆ, ಅಲ್ಲೇ ಸಾಯುತ್ತದೆ. ಕ್ಯಾನ್ಸರ್ ಕೋಶಕ್ಕೂ ಬೆಳೆಯಲು ಕಬ್ಬಿಣ ಬೇಕು. ಅದನ್ನು ಒಳಗೆ ಸೆಳೆಯುವ ಗ್ರಾಹಕಗಳು ಅದರ ಮೈಮೇಲೆ ಹೆಚ್ಚು. 1995ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ಲೈ ಮತ್ತು ನರೇಂದ್ರ ಸಿಂಗ್ ರಕ್ತಕ್ಯಾನ್ಸರಿನ ಕೋಶಗಳಿಗೆ ಮೊದಲು ಕಬ್ಬಿಣ ಉಣಿಸಿ, ಆಮೇಲೆ ಆರ್ಟೆಮಿಸಿನಿನ್ನಿನ ಒಂದು ರೂಪವನ್ನು ಕೊಟ್ಟು ನೋಡಿದರು. ಕ್ಯಾನ್ಸರ್ ಕೋಶಗಳು ಬೇಗ ಸತ್ತವು, ಸ್ವಸ್ಥ ಬಿಳಿರಕ್ತಕಣಗಳು ಬಹಳ ಮಟ್ಟಿಗೆ ಉಳಿದವು. ಗಿಡದ ಅಣು ಉತ್ಕರ್ಷಣದಿಂದ ಕೊಲ್ಲುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

— ಎಲ್ಲ ಸರಿ. ಆದರೆ ಒಂದು ಎಳೆ ನನಗೆ ಹೊಂದುತ್ತಿಲ್ಲ. ಅರಿಸಿನ, ನೆಲ್ಲಿಕಾಯಿ, ಗ್ರೀನ್ ಟೀ, ಎಲ್ಲದರ ಡಬ್ಬಿಯ ಮೇಲೂ ‘ಆಂಟಿಆಕ್ಸಿಡೆಂಟ್’ ಎಂದೇ ಬರೆದಿರುತ್ತದೆ. ಉತ್ಕರ್ಷಣ ತಡೆಯುತ್ತದೆ ಎಂದು ಮಾರುವ ವಸ್ತು ಉತ್ಕರ್ಷಣದಿಂದ ಕೊಲ್ಲುವುದು ಹೇಗೆ?

— ಇಷ್ಟು ಹೊತ್ತು ಈ ಪ್ರಶ್ನೆಗೇ ಕಾಯುತ್ತಿದ್ದೆ. ಎಲೆಕ್ಟ್ರಾನ್ ಸುಲಭವಾಗಿ ಕೊಡಬಲ್ಲ ಅಣು ಅದನ್ನು ಯಾರಿಗೆ ಕೊಡುತ್ತದೆ ಎಂಬುದರ ಮೇಲಿದೆ. ರ‍್ಯಾಡಿಕಲ್ಲಿಗೆ ಕೊಟ್ಟರೆ ರ‍್ಯಾಡಿಕಲ್ ತಣ್ಣಗಾಗುತ್ತದೆ, ಆಗ ಅದು ಆಂಟಿಆಕ್ಸಿಡೆಂಟ್. ಅದೇ ಎಲೆಕ್ಟ್ರಾನನ್ನು ತಾಮ್ರಕ್ಕೋ ಕಬ್ಬಿಣಕ್ಕೋ ಕೊಟ್ಟರೆ, ಆ ಲೋಹ ಅದನ್ನು ಆಮ್ಲಜನಕಕ್ಕೆ ದಾಟಿಸುತ್ತದೆ; ಕೊನೆಗೆ ಪೆರಾಕ್ಸೈಡ್ ಹುಟ್ಟುತ್ತದೆ. ಅಣು ಬದಲಾಗಿಲ್ಲ. ಪ್ರಮಾಣ, ಜಾಗ, ಸುತ್ತಲಿನ ಲೋಹ ಬದಲಾಗಿವೆ. ಡಬ್ಬಿಯ ಮೇಲಿನ ಆ ಒಂದು ಪದ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ.

— ಹಾಗಾದರೆ ತಟ್ಟೆಯಲ್ಲಿ ಕೊಂದದ್ದು ಮೈಯಲ್ಲಿ ಕೊಲ್ಲದೆ ಹೋಗಬಹುದು.

— ಹೌದು, ಇನ್ನೂ ಒಂದು ಹೆಜ್ಜೆ ಮುಂದಿದೆ. ಕೋಶ ಬೆಳೆಸುವ ಆ ಕೆಂಪು ದ್ರಾವಣಕ್ಕೆ ಗ್ರೀನ್ ಟೀಯ ಪಾಲಿಫಿನಾಲುಗಳನ್ನು ಹಾಕಿದರೆ, ಕೋಶವೇ ಇಲ್ಲದಿದ್ದರೂ ದ್ರಾವಣದಲ್ಲಿ ತಾನಾಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಸಿಂಗಪುರದಲ್ಲಿ ಬ್ಯಾರಿ ಹ್ಯಾಲಿವೆಲ್ ಅವರ ತಂಡ 2000ದ ಸುಮಾರಿಗೆ ಇದನ್ನು ಅಳೆದು ಎಲ್ಲರನ್ನೂ ಎಚ್ಚರಿಸಿತು. ಎಷ್ಟೋ ಪ್ರಯೋಗಗಳಲ್ಲಿ ಕೋಶವನ್ನು ಕೊಂದದ್ದು ಗಿಡದ ಅಣುವಲ್ಲ, ತಟ್ಟೆಯಲ್ಲೇ ತಯಾರಾದ ಪೆರಾಕ್ಸೈಡ್. ಹಾಗಾಗಿ ನಾವು ಪಕ್ಕದ ತಟ್ಟೆಗೆ ಕೆಟಲೇಸ್ ಹಾಕಿ ನೋಡುತ್ತೇವೆ. ಕೆಟಲೇಸ್ ಪೆರಾಕ್ಸೈಡನ್ನು ಒಡೆಯುತ್ತದೆ, ಆದರೆ ಕೋಶದೊಳಗೆ ಸುಲಭಕ್ಕೆ ಹೋಗುವುದಿಲ್ಲ. ಅದನ್ನು ಹಾಕಿದ ಕೂಡಲೇ ಕೋಶಗಳು ಬದುಕಿಕೊಂಡರೆ, ಸಾವು ಹೊರಗಿನಿಂದ ಬಂದಿತ್ತು ಎಂದರ್ಥ. ಈ ಒಂದು ಪರೀಕ್ಷೆ ಇಲ್ಲದ ಲೇಖನಗಳನ್ನು ನಾನು ನೆಚ್ಚುವುದಿಲ್ಲ, ಎಷ್ಟು ದೊಡ್ಡ ಪತ್ರಿಕೆಯಲ್ಲಿ ಬಂದಿದ್ದರೂ.

— ಅರಿಸಿನದ್ದು ಹೇಳು.

— ಅರಿಸಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ಕೊಲ್ಲುವುದು ಸಾಮಾನ್ಯವಾಗಿ 10ರಿಂದ 50 ಮೈಕ್ರೋಮೋಲಾರ್ ಪ್ರಮಾಣದಲ್ಲಿ. ತೈವಾನಿನಲ್ಲಿ ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಕಂಡದ್ದು 2 ಮೈಕ್ರೋಮೋಲಾರಿಗಿಂತ ಕಡಿಮೆ. 8 ಗ್ರಾಂ ಕರ್ಕ್ಯುಮಿನ್ ಬೇಕಾದರೆ ಕಾಲು ಕಿಲೋ ಅರಿಸಿನ ಪುಡಿಯಾದರೂ ತಿನ್ನಬೇಕು, ಅದೂ ದಿನಾ. ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು ಮಾತ್ರ. ಕರುಳು ಅದನ್ನು ಹೀರುವುದು ಕಡಿಮೆ, ಹೀರಿದ್ದನ್ನು ಯಕೃತ್ತು ತಕ್ಷಣ ಬದಲಿಸಿ ಹೊರಹಾಕುತ್ತದೆ. 2017ರಲ್ಲಿ ಅಮೆರಿಕದ ಔಷಧ ರಸಾಯನ ತಜ್ಞರು 120ಕ್ಕೂ ಹೆಚ್ಚು ಮಾನವ ಪ್ರಯೋಗಗಳ ಲೆಕ್ಕ ಮುಂದಿಟ್ಟು, ರೋಗಿಗೂ ವೈದ್ಯರಿಗೂ ಗೊತ್ತಿಲ್ಲದಂತೆ ಹುಸಿಗುಳಿಗೆಯೊಂದಿಗೆ ಹೋಲಿಸಿ ನಡೆಸಿದ ಒಂದು ಪ್ರಯೋಗವೂ ಗೆದ್ದಿಲ್ಲ ಎಂದು ಬರೆದರು. ಓದಿದಾಗ ನನಗೆ ನೋವಾಯಿತು. ಅರಿಸಿನದ ಮೇಲೆ ನಮ್ಮ ಮನೆಗಳಿಗೆ ಇರುವ ಪ್ರೀತಿ ನನಗೂ ಇದೆ.

— ಅದಕ್ಕೇ ಈಗಿನ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸತ್ವ ಸೇರಿಸುತ್ತಾರಂತೆ.

— ಅದು ಬೆಂಗಳೂರಿನಿಂದಲೇ ಹೊರಟ ಸಂಗತಿ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ ಕರ್ಕ್ಯುಮಿನ್ 2000 ಪ್ರತಿಶತ ಹೆಚ್ಚಿತು. ಹೇಗೆ ಹೆಚ್ಚಿತು ಅನ್ನುವುದನ್ನು ಮಾತ್ರ ಜಾಹೀರಾತಿನವರು ಹೇಳುವುದಿಲ್ಲ. ಯಕೃತ್ತಿನಲ್ಲೂ ಕರುಳಿನಲ್ಲೂ ಹೊರಗಿನ ವಸ್ತುಗಳನ್ನು ಬದಲಿಸಿ ಕಳಿಸುವ ಕಿಣ್ವಗಳಿವೆ. ಪೈಪರಿನ್ ಅವನ್ನು ತಡೆಯುತ್ತದೆ. ಆ ಕಿಣ್ವಗಳು ಕರ್ಕ್ಯುಮಿನ್ನಿಗಷ್ಟೇ ಇರುವವಲ್ಲ. ಅನೇಕ ಕೀಮೋ ಔಷಧಗಳೂ ಅದೇ ದಾರಿಯಲ್ಲಿ ಮೈಬಿಟ್ಟು ಹೋಗಬೇಕು.

— ನಿನ್ನ ಚಿಕ್ಕಮ್ಮನಿಗೆ ಈಗ ಕೀಮೋದ ಕೆಂಪು ಔಷಧ ಹಾಕುತ್ತಿದ್ದಾರೆ. ಅಂಗಡಿಯವನು ಅರಿಸಿನದ ಕ್ಯಾಪ್ಸೂಲು ಕೊಟ್ಟ, ಎರಡು ಡಬ್ಬಿ ತಂದಿಟ್ಟಿದ್ದೇನೆ. ಇನ್ನೂ ಶುರು ಮಾಡಿಲ್ಲ. ನಿನ್ನ ಕೇಳಿಯೇ ಮಾಡೋಣ ಅಂತ.

— ಕೇಳಿದ್ದು ಒಳ್ಳೆಯದಾಯಿತು. ಆ ಕೆಂಪು ಔಷಧ ಡಾಕ್ಸೊರುಬಿಸಿನ್. ಮುಖ್ಯವಾಗಿ ಡಿಎನ್‌ಎಯ ಸುರುಳಿ ಬಿಚ್ಚುವ ಕಿಣ್ವವನ್ನು ಸಿಕ್ಕಿಸಿ ಅದು ಕೊಲ್ಲುತ್ತದೆ, ಉತ್ಕರ್ಷಕಗಳನ್ನೂ ಹುಟ್ಟಿಸುತ್ತದೆ. 2002ರಲ್ಲಿ ಅಮೆರಿಕದ ಒಂದು ತಂಡ ಸ್ತನ ಕ್ಯಾನ್ಸರಿನ ಕೋಶಗಳಿಗೆ ಡಾಕ್ಸೊರುಬಿಸಿನ್ ಜೊತೆ ಕರ್ಕ್ಯುಮಿನ್ ಕೊಟ್ಟು ನೋಡಿತು. ಕೋಶಗಳು ಸಾಯುವುದು ಕಡಿಮೆಯಾಯಿತು. ಇಲಿಗಳಿಗೆ ಆಹಾರದಲ್ಲಿ ಕರ್ಕ್ಯುಮಿನ್ ಬೆರೆಸಿದಾಗ ಸೈಕ್ಲೊಫಾಸ್ಫಮೈಡ್ ಗಡ್ಡೆಯನ್ನು ಕುಗ್ಗಿಸುವುದೂ ತಗ್ಗಿತು. ಚಿಕ್ಕಮ್ಮನ ಆ ಕೆಂಪು ಔಷಧದ ಜೊತೆಗೆ ಸಾಮಾನ್ಯವಾಗಿ ಕೊಡುವುದು ಅದೇ ಸೈಕ್ಲೊಫಾಸ್ಫಮೈಡ್.

— ಒಂದು ತಟ್ಟೆಯಲ್ಲಿ ಕೊಲ್ಲುವ ಅರಿಸಿನ ಇನ್ನೊಂದು ತಟ್ಟೆಯಲ್ಲಿ ಅದೇ ಕ್ಯಾನ್ಸರನ್ನು ಕಾಪಾಡುತ್ತದಾ?

— ಕಾಪಾಡಬಹುದು. ಹೆಚ್ಚಿನ ಪ್ರಮಾಣದಲ್ಲಿ ಅದು ಉರಿ ಹಚ್ಚುತ್ತದೆ, ಕಡಿಮೆ ಪ್ರಮಾಣದಲ್ಲಿ ಉರಿ ಆರಿಸುತ್ತದೆ. ರಕ್ತಕ್ಕೆ ಮುಟ್ಟುವುದು ಯಾವ ಪ್ರಮಾಣ ಅಂತ ಆಗಲೇ ಹೇಳಿದೆನಲ್ಲ. ಕೀಮೋದವರು ಕೋಶದೊಳಗೆ ಬೆಂಕಿ ಏರಿಸುತ್ತಿರುವಾಗ ನಾವು ಪ್ರೀತಿಯಿಂದ ನೀರು ಸುರಿದಂತಾಗಬಹುದು. ನನ್ನ ಭಯ ಇದೇ.

— ಮನುಷ್ಯರಲ್ಲಿ ಹಾಗಾದದ್ದಿದೆಯಾ, ಅಥವಾ ಇಲಿಯಲ್ಲೇ ನಿಂತಿದೆಯಾ?

— ಸ್ತನ ಕ್ಯಾನ್ಸರಿಗೆ ಕೀಮೋ ಪಡೆದ 1,134 ಮಂದಿಯನ್ನು ಅಮೆರಿಕದಲ್ಲಿ ಪ್ರಶ್ನಾವಳಿ ಕೊಟ್ಟು ಹಿಂಬಾಲಿಸಿದರು. 2020ರಲ್ಲಿ ಫಲಿತಾಂಶ ಬಂತು. ಕೀಮೋಗೆ ಮೊದಲೂ ಕೀಮೋ ನಡೆಯುವಾಗಲೂ ಆಂಟಿಆಕ್ಸಿಡೆಂಟ್ ಗುಳಿಗೆ ತಿಂದವರಲ್ಲಿ ರೋಗ ಮರುಕಳಿಸುವುದು ಹೆಚ್ಚು ಎಂಬ ಸೂಚನೆ ಇತ್ತು. ಸೂಚನೆ ಅಷ್ಟೇ, ಸಿದ್ಧಪಟ್ಟದ್ದಲ್ಲ. ಆದರೆ ಇದಕ್ಕಿಂತ ಹಳೆಯ, ಗಟ್ಟಿಯಾದ ಪಾಠ ಬೇರೆ ಇದೆ. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಪ್ರಯೋಗ ಮಾಡಿದರು. ಬೀಟಾ ಕೆರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚಿತ್ತು. ಅದು 1994. ಎರಡು ವರ್ಷದ ಮೇಲೆ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ನೂರಕ್ಕೆ 28ರಷ್ಟು ಹೆಚ್ಚು ಕಂಡು, ಅವಧಿಗೆ ಮುಂಚೆಯೇ ನಿಲ್ಲಿಸಿದರು. ಕ್ಯಾನ್ಸರ್ ತಡೆಯುತ್ತದೆಂದು ನಂಬಿ ಕೊಟ್ಟ ಗುಳಿಗೆ ಅದು. ಆಮೇಲೆ 2014ರಲ್ಲಿ ಸ್ವೀಡನ್ನಿನ ತಂಡವೊಂದು ಇಲಿಗಳಲ್ಲಿ ಕಾರಣ ಹುಡುಕಿತು: ವಿಟಮಿನ್ ಇ ಕೊಟ್ಟಾಗ ಗಡ್ಡೆಯ ಕೋಶಗಳೊಳಗಿನ ಉತ್ಕರ್ಷಕಗಳು ಇಳಿದು, ಅವು ನೆಮ್ಮದಿಯಾಗಿ ಬೆಳೆದವು.

— ಹಾಗಾದರೆ ನೆಲ್ಲಿಕಾಯಿ? ವಿಟಮಿನ್ ಸಿ ಕೊಟ್ಟರೆ ಕ್ಯಾನ್ಸರ್ ಹೋಗುತ್ತದೆಂದು ಪೌಲಿಂಗ್ ಹೇಳಿರಲಿಲ್ಲವಾ? ಎರಡು ನೊಬೆಲ್ ಪಡೆದವರು.

— ಪೌಲಿಂಗ್ ಮತ್ತು ಕ್ಯಾಮರಾನ್ 1976ರಲ್ಲಿ ಬರೆದರು. ಮೇಯೊ ಕ್ಲಿನಿಕ್ಕಿನವರು 1979ರಲ್ಲಿ, ಮತ್ತೆ 1985ರಲ್ಲಿ ಪರೀಕ್ಷಿಸಿ ಏನೂ ಪ್ರಯೋಜನವಿಲ್ಲ ಎಂದರು. ಆ ಜಗಳದಲ್ಲಿ ಇಬ್ಬರೂ ಗಮನಿಸದೆ ಬಿಟ್ಟದ್ದು ಒಂದಿತ್ತು. ಕ್ಯಾಮರಾನ್ ಮೊದಲು ರಕ್ತನಾಳಕ್ಕೆ ಕೊಟ್ಟಿದ್ದರು, ಮೇಯೊದವರು ಬಾಯಿಯ ಮೂಲಕ. ಎಷ್ಟು ನುಂಗಿದರೂ ಕರುಳು ಒಂದು ಮಟ್ಟದ ಮೇಲೆ ಹೀರುವುದಿಲ್ಲ. ರಕ್ತನಾಳಕ್ಕೆ ಡ್ರಿಪ್ ಹಾಕಿದರೆ ರಕ್ತದ ಮಟ್ಟ 30ರಿಂದ 70 ಪಟ್ಟು ಏರುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಕ್ ಲೆವಿನ್ ಮತ್ತವರ ಜೊತೆಗಾರರು 2005ರಲ್ಲಿ ತೋರಿಸಿದರು: ಆ ಎತ್ತರದಲ್ಲಿ ವಿಟಮಿನ್ ಸಿ ಆಂಟಿಆಕ್ಸಿಡೆಂಟ್ ಆಗಿ ಉಳಿಯುವುದಿಲ್ಲ, ಪೆರಾಕ್ಸೈಡ್ ಹುಟ್ಟಿಸಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ.

— ಅದೂ ತಟ್ಟೆಯಲ್ಲೇ?

— ಆಗ ತಟ್ಟೆಯಲ್ಲಿ. 2024ರಲ್ಲಿ ಅಯೊವಾ ವಿಶ್ವವಿದ್ಯಾಲಯದವರು ಹರಡಿಹೋದ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 34 ರೋಗಿಗಳ ಪ್ರಯೋಗ ಪ್ರಕಟಿಸಿದರು. ಅರ್ಧ ಜನಕ್ಕೆ ಕೀಮೋ, ಅರ್ಧ ಜನಕ್ಕೆ ಕೀಮೋ ಜೊತೆ ವಾರಕ್ಕೆ ಮೂರು ಸಲ 75 ಗ್ರಾಂ ವಿಟಮಿನ್ ಸಿ ಡ್ರಿಪ್. ಬದುಕಿದ ಅವಧಿಯ ಮಧ್ಯಾಂಕ ಸುಮಾರು 8 ತಿಂಗಳಿಂದ 16 ತಿಂಗಳಿಗೆ ಹೋಯಿತು. ಸಣ್ಣ ಪ್ರಯೋಗ, ದೊಡ್ಡದರಲ್ಲಿ ನಿಲ್ಲಬೇಕು. ಆದರೂ ನನ್ನ ಕೆಲಸದ ಬಗ್ಗೆ ಧೈರ್ಯ ಕೊಟ್ಟ ಸುದ್ದಿ ಅದು. ಕೊಡುವ ಮೊದಲು ಅವರು ಜಿ6ಪಿಡಿ ಕಿಣ್ವದ ಪರೀಕ್ಷೆ ಮಾಡಬೇಕು. ಆ ಕಿಣ್ವ ಕೊರತೆ ಇದ್ದವರ ಕೆಂಪು ರಕ್ತಕಣಗಳು ಇದೇ ಪೆರಾಕ್ಸೈಡಿಗೆ ಒಡೆದುಹೋಗುತ್ತವೆ. 75 ಗ್ರಾಂ ನೆಲ್ಲಿಕಾಯಿಯಿಂದ ಬರುವುದಿಲ್ಲ ಚಿಕ್ಕಪ್ಪ, ಬಂದರೂ ಕರುಳು ದಾಟುವುದಿಲ್ಲ.

— ಗಿಡಗಳ ಮೇಲೇ ನಂಬಿಕೆ ಬಿಡು ಎಂದಂತಾಯಿತು.

— ಇಲ್ಲ. ನಮ್ಮ ಹಿತ್ತಲಿನ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಇಲ್ಲದಿದ್ದರೆ ರಕ್ತಕ್ಯಾನ್ಸರಿನ ಎಷ್ಟೋ ಮಕ್ಕಳು ಇವತ್ತು ಇರುತ್ತಿರಲಿಲ್ಲ. ಚಿಕ್ಕಮ್ಮನಿಗೆ ಮುಂದೆ ಕೊಡಬಹುದಾದ ಟ್ಯಾಕ್ಸಾಲ್ ಯೂ ಮರದ ತೊಗಟೆಯಿಂದ ಹೊರಟದ್ದು. ಇವೆರಡೂ ಉತ್ಕರ್ಷಣದಿಂದಲ್ಲ, ಕೋಶ ಒಡೆಯುವಾಗ ಬೇಕಾದ ಎಳೆಗಳನ್ನು ಕೆಡಿಸಿ ಕೊಲ್ಲುತ್ತವೆ. ಯಾರೂ ಆ ತೊಗಟೆಯ ಕಷಾಯ ಕುಡಿಸಿ ಗುಣ ಮಾಡಲಿಲ್ಲ. ಅಣುವನ್ನು ಬೇರ್ಪಡಿಸಿ, ತೂಗಿ, ಎಷ್ಟು ಕೊಟ್ಟರೆ ಮೂಳೆಮಜ್ಜೆ ತಡೆಯುತ್ತದೆಂದು ಅಳೆದು, ಸೋತ ಪ್ರಯೋಗಗಳನ್ನೂ ಬರೆದಿಟ್ಟು ಅಲ್ಲಿಗೆ ತಲುಪಿದರು. ಹಿಪ್ಪಲಿಗೂ ಅಷ್ಟೇ ಗೌರವ ಸಲ್ಲಬೇಕು ಅನ್ನುತ್ತೇನೆ ನಾನು. ಅದರ ಅಣು ಇವತ್ತಿಗೂ ಆಸ್ಪತ್ರೆಯ ಔಷಧವಾಗಿಲ್ಲ. ಗಡ್ಡೆಗೆ ಮಾತ್ರ ತಲುಪಿಸುವುದು ಹೇಗೆ, ಯಾವ ಗಡ್ಡೆಯ ರಕ್ಷಣೆ ತೆಳುವಾಗಿದೆ ಎಂದು ಮೊದಲೇ ತಿಳಿಯುವುದು ಹೇಗೆ, ನಮ್ಮ ಕೆಲಸ ಅಲ್ಲಿ ಬಾಕಿ ಇದೆ.

— ಹಾಗಾದರೆ ಸಾರಿಗೆ ಮೆಣಸು ಹಾಕುವುದೂ ಬೇಡವಾ? ಅವಳಿಗೆ ಊಟ ರುಚಿಸುವುದೇ ಕಷ್ಟವಾಗಿದೆ.

— ಸಾರಿಗೆ ಮೆಣಸು, ಒಗ್ಗರಣೆಗೆ ಅರಿಸಿನ ಎಂದಿನ ಅಳತೆಯಲ್ಲಿ ಇರಲಿ. ಅವರಿಗೆ ಹೊಟ್ಟೆಗೆ ಹೋಗುವುದು ಮುಖ್ಯ. ನಾನು ಬೇಡ ಅನ್ನುವುದು ಕ್ಯಾಪ್ಸೂಲು, ಸತ್ವ, ಚೂರ್ಣ, ದಿನವೂ ಕುಡಿಯುವ ಗಟ್ಟಿ ಹಿಪ್ಪಲಿ ಕಷಾಯ. ಅಮೆರಿಕದಲ್ಲಿ ಅರಿಸಿನದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ, ಕೆಲವು ಗುಳಿಗೆಗಳಲ್ಲಿ ಪೈಪರಿನ್ ಕೂಡ ಇತ್ತು. ಕೀಮೋ ನಡೆಯುವಾಗ ಯಕೃತ್ತಿಗೆ ಅಷ್ಟು ಹೊರೆ ಸಾಕು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅವರು ಏನೇನು ತೆಗೆದುಕೊಳ್ಳುತ್ತಾರೆ ಎಲ್ಲ ಒಂದು ಹಾಳೆಯಲ್ಲಿ ಬರೆದು ಡಾಕ್ಟರ ಕೈಗೆ ಕೊಡಿ, ಪಂಡಿತರ ಲೇಹ್ಯವನ್ನೂ ಸೇರಿಸಿ. ಡಾಕ್ಟರು ಗದರಿದರೂ ಬೇಸರ ಮಾಡಿಕೊಳ್ಳಬೇಡಿ.

— ಲೇಹ್ಯದ ವಿಷಯ ನಿನಗೆ ಯಾರು ಹೇಳಿದರು?

— ಚಿಕ್ಕಮ್ಮನೇ. ನಿಮಗೆ ನೋವಾಗುತ್ತದೆಂದು ಬೇಡ ಅನ್ನದೆ ತಿನ್ನುತ್ತಿದ್ದಾರಂತೆ.

— …ಬರೆಯುತ್ತೇನೆ. ಕ್ಯಾಪ್ಸೂಲಿನ ಡಬ್ಬಿ ಅಂಗಡಿಗೆ ವಾಪಸ್ ಕೊಡಲಾ?

— ಕೊಡುವ ಮುಂಚೆ ಡಬ್ಬಿಯ ಹಿಂದೆ ಏನು ಬರೆದಿದೆ ಓದಿ. ಪೈಪರಿನ್ ಎಷ್ಟು ಮಿಲಿಗ್ರಾಂ ಇದೆ? ಚಿಕ್ಕಮ್ಮನ ಜೊತೆ ವಾರ್ಡಿನಲ್ಲಿ ಕೂರುವ ಬೇರೆಯವರೂ ಅದನ್ನೇ ತಿನ್ನುತ್ತಿರಬಹುದು. ಡಾಕ್ಟರಿಗೆ ಅದೂ ಗೊತ್ತಾಗಲಿ.